ಅವಳು ನೋಡದ ಪರದೆ

ಆಯುಧಪೂಜೆಯ ದಿನ ನಮ್ಮ ಕಾರ್ಖಾನೆಯ ಗೇಟು ಮನೆಯವರಿಗೂ ತೆರೆದಿರುತ್ತಿತ್ತು. ವರ್ಷವಿಡೀ ಗುರುತಿನ ಚೀಟಿ ನೋಡದೆ ಯಾರನ್ನೂ ಬಿಡದ ವಾಚ್‌ಮನ್ ಮುನಿಯಪ್ಪ ಅವತ್ತು ಹೆಂಗಸರಿಗೂ ಮಕ್ಕಳಿಗೂ ಕಡ್ಲೆಪುರಿ ಪೊಟ್ಟಣ ಕೊಟ್ಟು ತಾನೇ ಒಳಗೆ ಕರೆಯುತ್ತಿದ್ದ. ಪೀಣ್ಯದ ಅಷ್ಟೂ ಶೆಡ್ಡುಗಳಲ್ಲಿ ಅವತ್ತು ಯಂತ್ರದ ಸದ್ದಿರುತ್ತಿರಲಿಲ್ಲ. ಎಣ್ಣೆ ಒರೆಸಿದ ಲೇತುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಸರ. ಗ್ರೀಸಿನ ವಾಸನೆಗೆ ಊದುಬತ್ತಿಯದು ಸೇರಿ ಬೇರೆಯೇ ಒಂದು ವಾಸನೆ ಆಗುತ್ತಿತ್ತು. ಈಗಲೂ ಅದು ಎಲ್ಲಾದರೂ ಮೂಗಿಗೆ ಬಡಿದರೆ ನನ್ನ ಕೈ ತಣ್ಣಗಾಗುತ್ತದೆ.

ಆ ವರ್ಷ, ಎಂಬತ್ತರ ದಶಕದ ನಡುವಿನ ಒಂದು ವರ್ಷ, ನನ್ನ ಹೆಂಡತಿ ಪುಟ್ಟಲಕ್ಷ್ಮಿಯೂ ಪೂಜೆಗೆ ಬಂದಳು. ನಮಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಈ ಸಲ ನಾಲ್ಕು ತಿಂಗಳು ತುಂಬಿತ್ತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಉಸಿರು ಬಿಗಿಹಿಡಿದುಕೊಂಡೇ ಓಡಾಡುತ್ತಿದ್ದೆವು. ಬೂದಗುಂಬಳ ಒಡೆಯುವ ಕಡೆಗೆ ಬಸುರಿಯನ್ನು ಕರೆದುಕೊಂಡು ಹೋಗಬಾರದು ಎಂದು ಅವ್ವ ತಡೆದಳು. ಪುಟ್ಟಲಕ್ಷ್ಮಿ ದೂರದಲ್ಲೇ ನಿಂತಿರುತ್ತೇನೆ, ಒಡೆದದ್ದನ್ನು ದಾಟುವುದಿಲ್ಲ ಎಂದು ಒಪ್ಪಿಸಿ, ಮದುವೆಯ ರೇಷ್ಮೆ ಸೀರೆ ಉಟ್ಟು ಹೊರಟಳು. ನಮ್ಮೂರು ರಾಜಗೋಪಾಲನಗರದ ಮಗ್ಗುಲಿನ ಹಳ್ಳಿ. ಅಪ್ಪನ ಹೊಲದಲ್ಲಿ ಮುಕ್ಕಾಲು ಭಾಗ ಕೈಗಾರಿಕೆಗೆ ಹೋಗಿ, ಮಿಕ್ಕ ಚೂರಿನಲ್ಲಿ ರಾಗಿ ಬೆಳೆಯುತ್ತಿದ್ದೆವು. ಮನೆಯಿಂದ ಕಾರ್ಖಾನೆಗೆ ಆ ಹೊಲದ ಬದುವಿನ ಮೇಲೇ ನಡೆದುಹೋಗಬಹುದಿತ್ತು. ರಾಗಿ ತೆನೆ ಕಟ್ಟಿತ್ತು. ಸೆರಗು ಸಿಕ್ಕಿಕೊಳ್ಳದ ಹಾಗೆ ಎತ್ತಿ ಹಿಡಿದು ಅವಳು ನನ್ನ ಮುಂದೆ ನಡೆದಳು.

ನಾನು ತಪಾಸಣೆ ವಿಭಾಗದಲ್ಲಿದ್ದೆ. ಹೊರಗಿಂದ ಬರುವ ದಪ್ಪ ಉಕ್ಕಿನ ಶಾಫ್ಟುಗಳ ಒಳಗೆ ಬಿರುಕಿದೆಯೋ ಟೊಳ್ಳಿದೆಯೋ ನೋಡುವುದು ನನ್ನ ಕೆಲಸ. ಅದಕ್ಕೊಂದು ಯಂತ್ರವಿತ್ತು. ರೇಡಿಯೋದಷ್ಟು ಗಾತ್ರ, ಮುಂದುಗಡೆ ಹಸಿರು ಬೆಳಕಿನ ಚಿಕ್ಕ ಪರದೆ. ಕಿವಿಗೆ ಕೇಳಿಸದ ಶಬ್ದವನ್ನು ಅದು ಉಕ್ಕಿನೊಳಗೆ ಕಳಿಸುತ್ತದೆ, ಒಳಗೆ ಏನಾದರೂ ಅಡ್ಡ ಸಿಕ್ಕರೆ ಶಬ್ದ ಮರಳಿ ಬರುತ್ತದೆ. ಪರದೆಯ ಎಡಗಡೆ ಒಂದು ಗೆರೆ ಎದ್ದು ನಿಂತಿರುತ್ತದೆ, ಬಲಗಡೆ ಒಂದು. ನಡುವೆ ಗೆರೆ ಮಲಗಿದ್ದರೆ ಮಾಲು ಸರಿ. ನಡುವೆ ಏನಾದರೂ ತಲೆಯೆತ್ತಿದರೆ ಒಳಗೆ ದೋಷವಿದೆ ಎಂದರ್ಥ. ಹತ್ತನೇ ತರಗತಿ ಓದಿದ ನನಗೆ ಇಷ್ಟನ್ನು ಕಲಿಸಿ ಕೂರಿಸಿದ್ದರು. ಪುಟ್ಟಲಕ್ಷ್ಮಿಗೆ ತೋರಿಸಬೇಕೆಂದು ನಾನೇ ಆ ದಿನ ಯಂತ್ರ ಹಚ್ಚಿದೆ. ಶಾಫ್ಟಿಗೆ ಗ್ರೀಸು ಸವರಿ, ಶಬ್ದ ಕಳಿಸುವ, ಬೆಂಕಿಪೊಟ್ಟಣದಷ್ಟಿದ್ದ ಪ್ರೋಬನ್ನು ಅದರ ಮೇಲೆ ಜಾರಿಸಿದೆ.

"ಗ್ರೀಸ್ ಯಾಕ್ರೀ ಅದಕ್ಕೆ?" ಎಂದಳು.

ನಡುವೆ ಗಾಳಿ ನಿಂತರೆ ಶಬ್ದ ಒಳಗೆ ಹೋಗುವುದಿಲ್ಲ ಎಂದೆ. ಬೇಕೆಂದೇ ಒಂದು ಕೆಟ್ಟ ಶಾಫ್ಟಿನ ಮೇಲೆ ಇಟ್ಟು ನಡುವೆ ಗೆರೆ ಎಗರುವುದನ್ನು ತೋರಿಸಿದೆ. ಅವಳು ಬಗ್ಗಿ ನೋಡಿದಳು.

"ಇಂಗಿರೋದನ್ನ ಏನ್ ಮಾಡ್ತೀರಾ?"

"ಕೆಂಪು ಬಣ್ಣ ಹೊಡೆದು ಮೂಲೆಗೆ ಹಾಕ್ತೀವಿ."

"ಮೇಲ್ನಿಂದ ನೋಡಿದ್ರೆ ಚೆನ್ನಾಗೇ ಐತಲ್ಲ, ಪಾಪ," ಎಂದಳು.

ಪಕ್ಕದಲ್ಲಿದ್ದ ನನ್ನ ಜೊತೆಗಾರ ಜೋಸೆಫ್, "ಅಕ್ಕ, ಇವನ ತಲೆ ಮೇಲೆ ಇಟ್ಟು ನೋಡಿ, ಒಂದು ಗೆರೇನೂ ಏಳಲ್ಲ, ಪೂರ್ತಿ ಖಾಲಿ," ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅದೇ ನಮ್ಮ ಕೊನೆಯ ಮಾಮೂಲಿ ದಿನ. ಆಮೇಲೂ ಅವಳು ಎಷ್ಟೋ ಸಲ ನಕ್ಕಿದ್ದಾಳೆ, ಆದರೆ ಆ ಗಳಿಗೆಯವರೆಗೆ ನಾನು ಅವಳ ಮುಖ ನೋಡುತ್ತಿದ್ದೆ. ಆಮೇಲೆ ಬಹಳ ಕಾಲ ಅವಳ ಕತ್ತನ್ನೇ ನೋಡಿದೆ.

ಪೂಜೆ ಮುಗಿದು ಸಿಹಿ ಹಂಚಿದರು. ಬೂಂದಿ ತಿಂದು ಬಾಯಾರಿ ಪುಟ್ಟಲಕ್ಷ್ಮಿ ನೀರು ಕೇಳಿದಳು. ಎಲ್ಲರಿಗೂ ಒಂದೇ ಚೊಂಬು. ನಮ್ಮ ಕಡೆ ಯಾರೂ ಚೊಂಬಿಗೆ ತುಟಿ ತಾಗಿಸುವುದಿಲ್ಲ, ತಲೆ ಹಿಂದಕ್ಕೆ ಚೆಲ್ಲಿ ಎತ್ತಿ ಕುಡಿಯುತ್ತೇವೆ. ಅವಳೂ ಹಾಗೇ ಕುಡಿದಳು. ಜೋಸೆಫನ ಹೆಂಡತಿ ಲಿಲ್ಲಿ ಎದುರಿಗೇ ನಿಂತಿದ್ದರು. ಅವರು ನರ್ಸು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. "ಇನ್ನೊಂದು ಸಲ ಕುಡೀಮ್ಮ," ಎಂದರು. ಪುಟ್ಟಲಕ್ಷ್ಮಿ ಏನೋ ತಮಾಷೆ ಎಂದುಕೊಂಡು ಮತ್ತೆ ಚೊಂಬು ಎತ್ತಿದಳು. ಆಗ ನಾನೂ ನೋಡಿದೆ. ಕತ್ತಿನ ಕೆಳಗೆ, ತಾಳಿ ಸರ ಕೂರುವ ಕಡೆ, ಎರಡು ಪಕ್ಕದಲ್ಲೂ ಏನೋ ಊದಿಕೊಂಡಿತ್ತು. ಒಂದೊಂದು ಗುಟುಕಿಗೂ ಅದು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ದಿನಾ ಒಂದೇ ಮನೆಯಲ್ಲಿ ಇದ್ದವನಿಗೆ ಅದು ಕಂಡಿರಲಿಲ್ಲ.

ಲಿಲ್ಲಿ ಬೆರಳಿಟ್ಟು ಮುಟ್ಟಿದರು. ನೋವಿದೆಯಾ ಎಂದು ಕೇಳಿದರು. ಇಲ್ಲ ಎಂದಳು. ಮೈ ಚಳಿ ಹತ್ತುತ್ತದೆಯಾ, ಕೂದಲು ಉದುರುತ್ತದೆಯಾ, ಸ್ವರ ಒರಟಾಗಿದೆಯಾ ಎಂದೆಲ್ಲ ಕೇಳಿದಾಗ ಪುಟ್ಟಲಕ್ಷ್ಮಿ ಎಲ್ಲದಕ್ಕೂ ಹೂಂ ಎಂದು ನನ್ನ ಕಡೆ ತಿರುಗಿದಳು. ಅವೆಲ್ಲ ಬಸುರಿನ ಸುಸ್ತು ಎಂದು ನಾವು ತಿಳಿದಿದ್ದೆವು. ಲಿಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಹೆದರಬೇಡಿ. ಆದ್ರೆ ಸುಮ್ನೆ ಇರಬೇಡಿ. ದೊಡ್ಡಾಸ್ಪತ್ರೆಗೆ ತೋರಿಸಿ."

ಹೆದರಬೇಡಿ ಎಂದ ಮೇಲೆ ಹೆದರದೆ ಇರುವುದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವ್ವ ಕೇಳಿದ ತಕ್ಷಣ ಬೂದಗುಂಬಳದ ಮಾತೆತ್ತಿದಳು. ಆಮೇಲೆ ಸೊಸೆಯ ಕತ್ತು ಸವರಿ ನೋಡಿ, "ಇದು ಗಳಗಂಡ ಕಣ್ಲಾ ಗೋವಿಂದ. ನಮ್ಮತ್ತೆಗೂ ಇತ್ತು. ಕತ್ತು ದಪ್ಪ ಮಾಡ್ಕಂಡೇ ಎಂಟು ಮಕ್ಳು ಎತ್ತಿದ್ಳು ಮುದುಕಿ," ಎಂದಳು. ಅದು ಧೈರ್ಯದ ಮಾತೇ. ಆದರೆ ಹೇಳುವಾಗ ಅವ್ವ ನನ್ನ ಕಣ್ಣು ತಪ್ಪಿಸಿದಳು. ಪುಟ್ಟಲಕ್ಷ್ಮಿ ಅವತ್ತಿನಿಂದ ಎತ್ತಿ ಕುಡಿಯುವುದನ್ನು ಬಿಟ್ಟಳು. ನೀರು ಬೇಕಾದಾಗ ಲೋಟ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕಚ್ಚಿ ಕುಡಿಯುತ್ತಿದ್ದಳು. ಸೆರಗನ್ನು ಕತ್ತಿಗೆ ಸುತ್ತಿಕೊಂಡೇ ಒಲೆಯ ಮುಂದೆ ಕೂರುತ್ತಿದ್ದಳು. ಯಾರಾದರೂ ಕೇಳಿದರೆ ಚಳಿ ಎನ್ನುತ್ತಿದ್ದಳು. ಚಳಿಯೂ ನಿಜವೇ ಆಗಿತ್ತು, ಬಿಸಿಲಿನಲ್ಲೂ ನನ್ನ ಹಳೆಯ ಸ್ವೆಟರು ಅವಳಿಗೆ ಬೇಕಾಗುತ್ತಿತ್ತು.

ದೊಡ್ಡಾಸ್ಪತ್ರೆಯ ಸರ್ಜನ್ ಬೆನ್ನ ಹಿಂದೆ ನಿಂತು, ಎರಡು ಕೈಯನ್ನೂ ಮುಂದೆ ಚಾಚಿ ಅವಳ ಕತ್ತನ್ನು ಒತ್ತಿ ನೋಡಿದರು. ಹಿಂದಿನಿಂದ ಕತ್ತು ಹಿಡಿದಾಗ ಅವಳ ಕಣ್ಣು ದೊಡ್ಡದಾಯಿತು. ಥೈರಾಯ್ಡ್ ಎಂಬ ಗ್ರಂಥಿ ಊದಿದೆ, ಗಟ್ಟಿಯಾಗಿದೆ, ಉಬ್ಬುತಗ್ಗಾಗಿದೆ, ಒಳಗೆ ಗೆಡ್ಡೆ ಇದೆಯೇ ನೋಡಬೇಕು ಎಂದರು. ಆ ಕಾಲಕ್ಕೆ ಅದನ್ನು ನೋಡಲು ಒಂದು ಔಷಧಿ ಕುಡಿಸಿ ಕತ್ತಿನ ಚಿತ್ರ ತೆಗೆಯುತ್ತಿದ್ದರು. ಅದರಲ್ಲಿ ವಿಕಿರಣ ಇರುತ್ತದೆ, ಹೊಟ್ಟೆಯಲ್ಲಿ ಮಗು ಇರುವವರಿಗೆ ಕೊಡುವ ಹಾಗಿಲ್ಲ ಎಂದರು. ಗೆಡ್ಡೆಯಿದ್ದು ಅದು ಕೆಟ್ಟದ್ದಾದರೆ ಆಪರೇಷನ್ ಮಾಡಬೇಕು. ಈಗಲೇ ಮಾಡಿದರೆ ಮಗುವಿಗೆ ಅಪಾಯ, ಹೆರಿಗೆಯವರೆಗೆ ಕಾದರೆ ತಾಯಿಗೆ. ಕೆಟ್ಟದ್ದು ಎಂದರೇನು ಎಂದು ನಾನು ಕೇಳಿದೆ. ಅವರು ಕ್ಯಾನ್ಸರ್ ಎಂಬ ಮಾತನ್ನು ಇಂಗ್ಲಿಷ್ ವಾಕ್ಯವೊಂದರ ಮಧ್ಯೆ ಇಟ್ಟು ಬೇಗ ಹೇಳಿದರು. ಆ ಒಂದು ಮಾತು ಪುಟ್ಟಲಕ್ಷ್ಮಿಗೂ ಗೊತ್ತಿತ್ತು.

ಹೊರಗೆ ಬಂದು ಬಸ್ಸಿಗೆ ನಿಂತಾಗ ಅವಳು ಹೇಳಿದ್ದು ಇಷ್ಟೇ: "ನಂಗೇನಾದ್ರೂ ಆಗ್ಲಿ. ಇದನ್ನ ಮಾತ್ರ ತೆಗೆಸ್ಬೇಡ್ರೀ." ಕೈ ಹೊಟ್ಟೆಯ ಮೇಲಿತ್ತು. ನನಗೆ ಅವಳು ಬೇಕಾಗಿತ್ತು, ಅದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ.

ಪೇಟೆಯಲ್ಲಿ ಹೊಸದಾಗಿ ಬಂದಿದ್ದ ಸ್ಕ್ಯಾನಿಂಗ್ ಸೆಂಟರಿಗೆ ಸರ್ಜನ್ನೇ ಚೀಟಿ ಬರೆದುಕೊಟ್ಟಿದ್ದರು. ಅದರಲ್ಲಿ ವಿಕಿರಣವಿಲ್ಲ, ಬರೀ ಶಬ್ದ ಕಳಿಸಿ ನೋಡುತ್ತಾರೆ ಎಂದಿದ್ದರು. ನನಗೆ ಥಟ್ಟನೆ ನನ್ನ ಯಂತ್ರ ನೆನಪಾಯಿತು. ನೆನಪಾದದ್ದೇ ಭಯವಾಯಿತು. ಸರದಿ ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ನಾನು ಕೆಲಸಕ್ಕೆ ಹೋಗಿ ಶಾಫ್ಟುಗಳ ಮುಂದೆ ಕೂರುತ್ತಿದ್ದೆ. ಪರದೆಯ ನಡುವೆ ಗೆರೆ ಒಂದು ಕೂದಲಿನಷ್ಟು ಅಲುಗಿದರೂ ಒರೆಸಿ, ಮತ್ತೆ ಗ್ರೀಸು ಹಚ್ಚಿ, ಮತ್ತೆ ನೋಡುತ್ತಿದ್ದೆ. ಕೆಂಪು ಬಣ್ಣದ ಡಬ್ಬಿಯನ್ನು ಮುಟ್ಟಲು ಕೈ ಬರುತ್ತಿರಲಿಲ್ಲ.

"ಗುರು, ಎಷ್ಟು ಸಲ ಉಜ್ತೀಯಾ ಅದನ್ನ? ಚರ್ಮ ಸುಲಿದುಹೋಗುತ್ತೆ," ಎಂದ ಜೋಸೆಫ್. ನಾನು ನಗಲಿಲ್ಲ. ಅವನು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಕೆಟ್ಟವು ಬಂದಾಗ ತಾನೇ ಬಣ್ಣ ಹೊಡೆಯುತ್ತೇನೆ ಎಂದ. ಅಲ್ಲಿಂದ ಮುಂದೆ ಹಾಗೇ ಮಾಡಿದ.

ಸ್ಕ್ಯಾನಿಂಗ್ ಸೆಂಟರು ಒಂದು ಬಂಗಲೆಯ ಮುಂದಿನ ಕೋಣೆ. ಕಿಟಕಿಗೆಲ್ಲ ಕರಿ ಬಟ್ಟೆ ಕಟ್ಟಿದ್ದರು. ಯಂತ್ರ ಬೀರುವಿನಷ್ಟು ದೊಡ್ಡದು. ನೋಡುವವರು ಒಬ್ಬ ಡಾಕ್ಟರಮ್ಮ, ಕನ್ನಡಕ ಹಾಕಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಹೆಂಡತಿಗೆ ಭಯ ಹೆಚ್ಚಿದೆ ಎಂದು ಹೇಳಿದ್ದಕ್ಕೆ ನನ್ನನ್ನೂ ಒಳಗೆ ನಿಲ್ಲಲು ಬಿಟ್ಟರು. ಭಯ ಯಾರಿಗೆ ಹೆಚ್ಚಿತ್ತೋ.

ಪುಟ್ಟಲಕ್ಷ್ಮಿಯನ್ನು ಮಲಗಿಸಿ, ತಲೆಯ ಕೆಳಗಿದ್ದ ದಿಂಬನ್ನು ತೆಗೆದು ಭುಜದ ಕೆಳಗೆ ಇಟ್ಟರು. ಕತ್ತು ಪೂರ್ತಿ ಹಿಂದಕ್ಕೆ ಬಾಗಿ, ಗಲ್ಲ ಮೇಲಾಗಿ, ಅವಳಿಗೆ ಚಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎತ್ತಿ ಕುಡಿಯುವಾಗ ಇರುವ ಹಾಗೇ ಇತ್ತು ಆ ಕತ್ತು. ಎಷ್ಟೋ ದಿನ ಸೆರಗಿನೊಳಗೆ ಅಡಗಿಸಿಕೊಂಡಿದ್ದು ಈಗ ಎಲ್ಲರ ಮುಂದೆ ತೆರೆದುಕೊಂಡಿತ್ತು. ತಾಳಿ ಸರವನ್ನು ಬಿಚ್ಚಬೇಕೆಂದರು. ಅವಳು ಒಪ್ಪಲಿಲ್ಲ. ಕೊನೆಗೆ ಡಾಕ್ಟರಮ್ಮ ತಾವೇ ಅದನ್ನು ಮೆಲ್ಲಗೆ ಮೇಲಕ್ಕೆ ಸರಿಸಿ ಗಲ್ಲದ ಮೇಲೆ ಇಟ್ಟರು. ತಾಳಿ ಅವಳ ತುಟಿಯ ಹತ್ತಿರ ಬಂತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಕತ್ತಿಗೆ ಲೋಳೆಯಂಥ ಜೆಲ್ಲಿ ಹಚ್ಚಿದರು. ಆಮೇಲೆ ರಬ್ಬರಿನ ಗ್ಲೌಸೊಂದಕ್ಕೆ ಬೆಚ್ಚಗಿನ ನೀರು ತುಂಬಿ ಬಾಯಿಗೆ ಗಂಟು ಹಾಕಿ, ಒಳಗಿನ ಗಾಳಿಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಒಂದು ಮೂಲೆಗೆ ಕಳಿಸಿದರು. ಆ ನೀರಿನ ಚೀಲವನ್ನು ಕತ್ತಿನ ಮೇಲೆ ಕೂರಿಸಿದರು. ಐದು ಬೆರಳು ಊದಿಕೊಂಡಿದ್ದ ಆ ಗ್ಲೌಸು, ಯಾವುದೋ ನೀರಿನಲ್ಲಿ ನೆಂದ ಕೈ ಅವಳ ಕತ್ತು ಹಿಡಿದ ಹಾಗೆ ಕಾಣುತ್ತಿತ್ತು. ತೀರಾ ಮೇಲೆ ಇರುವುದನ್ನು ಯಂತ್ರ ಸರಿಯಾಗಿ ನೋಡಲಾರದು, ನಡುವೆ ನೀರಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಡುವೆ ಗಾಳಿ ನಿಲ್ಲಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ, ಅದು ಯಾವ ಉಪಯೋಗಕ್ಕೂ ಬರಲಿಲ್ಲ.

ಪ್ರೋಬು ನೀರಿನ ಚೀಲದ ಮೇಲೆ ಜಾರಿತು. ಪರದೆಯಲ್ಲಿ ನನ್ನ ಯಂತ್ರದಂತೆ ಗೆರೆ ಇರಲಿಲ್ಲ, ಬೂದಿ ಬಣ್ಣದ ಚಿತ್ರವಿತ್ತು. ನಡುವೆ ಗಾಳಿಕೊಳವೆ. ಅದರ ಎರಡು ಪಕ್ಕದಲ್ಲಿ ಚಿಟ್ಟೆಯ ರೆಕ್ಕೆಯಂತೆ ಎರಡು ಭಾಗ. ಅದೇ ಗ್ರಂಥಿ ಎಂದರು. ಉಗುಳು ನುಂಗಮ್ಮ ಎಂದರು. ಪರದೆಯ ಮೇಲೆ ರೆಕ್ಕೆ ಮೇಲಕ್ಕೆ ಎದ್ದು ಇಳಿಯಿತು. ನಾನು ಕಣ್ಣು ಮಿಟುಕಿಸದೆ ಹುಡುಕುತ್ತಿದ್ದೆ. ಎಲ್ಲಾದರೂ ಏನಾದರೂ ಎದ್ದು ನಿಲ್ಲುತ್ತದೆಯೇ, ಬೆಳ್ಳಗೆ ಹೊಳೆಯುತ್ತದೆಯೇ ಎಂದು. ಏನೂ ಏಳಲಿಲ್ಲ. ರೆಕ್ಕೆಯ ಜಾಗವೆಲ್ಲ ಕಪ್ಪಗೆ ಮಲಗಿತ್ತು. ಮರಳಿ ಬರುವ ಶಬ್ದವೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಸರಿಯಾದ ಮಾಲು. ಅಷ್ಟು ದಿನದ ಭಯ ಒಮ್ಮೆಗೇ ಇಳಿಯಿತು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ನಾನು ಬಗ್ಗಿ ಪುಟ್ಟಲಕ್ಷ್ಮಿಯ ಕಿವಿಯಲ್ಲಿ, "ಏನೂ ಇಲ್ಲ ಕಣೆ, ಒಳಗೆ ಏನೂ ಇಲ್ಲ," ಎಂದುಬಿಟ್ಟೆ. ಕಚ್ಚಿದ್ದ ತಾಳಿಯನ್ನು ಅವಳು ಬಿಟ್ಟಳು. ಅವಳ ಕಣ್ಣಿನಿಂದ ನೀರು ಎರಡು ಕಿವಿಯ ಕಡೆಗೂ ಇಳಿಯಿತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವು ಹೇಗೆ ಹೇಳಿದ್ರಿ?" ಎಂದು ಕೇಳಿದರು. ಬೈಯಲಿಲ್ಲ, ನಿಜವಾಗಿಯೇ ಕೇಳಿದರು. ನಾನು ನನ್ನ ಕೆಲಸ ಹೇಳಿದೆ. ಶಬ್ದ ಮರಳಿ ಬರದಿದ್ದರೆ ಒಳಗೆ ಸರಿಯಿದೆ ಎಂದರ್ಥ ಅಲ್ಲವೇ ಎಂದೆ.

"ಉಕ್ಕಲ್ಲಿ ಇರಬಹುದು," ಎಂದರು. "ಇಲ್ಲಿ ಹಾಗಲ್ಲ. ಚೆನ್ನಾಗಿರೋ ಗ್ರಂಥಿ ಬೆಳ್ಳಗೆ ಕಾಣಬೇಕು. ಪಕ್ಕದಲ್ಲಿ ಈ ಮಾಂಸಖಂಡ ಇದೆಯಲ್ಲ, ಅದಕ್ಕಿಂತ ಬೆಳ್ಳಗೆ. ಇವರದು ಪೂರ್ತಿ ಕಪ್ಪಾಗಿದೆ, ನೋಡಿ."

ಪ್ರೋಬನ್ನು ಈ ಕಡೆಯಿಂದ ಆ ಕಡೆಗೆ ಒಯ್ದು ತೋರಿಸಿದರು. ಕಪ್ಪಿನ ನಡುವೆ ಅಲ್ಲಲ್ಲಿ ತೆಳ್ಳಗಿನ ಬಿಳಿ ಎಳೆಗಳಿದ್ದವು, ನುಸಿ ತಿಂದ ಕಂಬಳಿಯನ್ನು ಬಿಸಿಲಿಗೆ ಹಿಡಿದ ಹಾಗೆ. ಬೇರೆಯಾಗಿ ನಿಂತ ಗೆಡ್ಡೆ ಕಾಣಿಸುತ್ತಿಲ್ಲ, ಅದು ಸಮಾಧಾನ, ಆದರೂ ಸೂಜಿ ಹಾಕಿ ನೋಡಿಯೇ ಖಚಿತ ಮಾಡಿಕೊಳ್ಳಬೇಕು ಎಂದರು. ತಮಗೆ ಅನುಮಾನ ಇರುವುದು ಬೇರೆಯ ಕಾಯಿಲೆ. ಅದನ್ನು ಅವರು ನಮಗೆ ತಿಳಿಯುವ ಹಾಗೆ ಹೇಳಿದರು:

"ನಮ್ಮ ಮೈಯಲ್ಲಿ ಕಾವಲಿಗೆ ಅಂತ ಇರೋ ಕಣಗಳಿವೆ. ಹೊರಗಿಂದ ರೋಗ ಬಂದ್ರೆ ಹೊಡೆಯೋಕೆ. ಇವರಲ್ಲಿ ಅವು ಈ ಗ್ರಂಥೀನೇ ಹೊರಗಿನದು ಅಂದ್ಕೊಂಡು ಒಳಗೆ ನುಗ್ಗಿವೆ. ಅವು ತುಂಬ್ಕೊಂಡಿರೋದಕ್ಕೇ ಕಪ್ಪಾಗಿ ಕಾಣೋದು. ಗ್ರಂಥಿ ಮಾಡಬೇಕಾದ ಕೆಲಸ ಮಾಡ್ತಿಲ್ಲ."

"ಯಾಕಂಗೆ ಮಾಡ್ತವೆ ಮೇಡಂ?" ಎಂದಳು ಪುಟ್ಟಲಕ್ಷ್ಮಿ, ಚಾವಣಿ ನೋಡುತ್ತಲೇ.

"ಯಾಕೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲಮ್ಮ."

ಹಿಂದಿನ ಎರಡು ಬಸಿರಿನ ವಿಷಯ ಆಗ ಕೇಳಿದರು. ಈ ಗ್ರಂಥಿಯ ರಸ ಕಡಿಮೆಯಾದರೆ ಕೆಲವರಲ್ಲಿ ಗರ್ಭ ನಿಲ್ಲುವುದಿಲ್ಲ, ರಕ್ತ ಪರೀಕ್ಷೆ ಬೇಗ ಮಾಡಿಸಿ, ರಸದ ಬದಲಿಗೆ ಮಾತ್ರೆ ಇದೆ ಎಂದರು. ಕತ್ತಿನ ಭಯ ಇಳಿದ ಜಾಗಕ್ಕೆ ಹೊಟ್ಟೆಯ ಭಯ ಬಂದು ಕೂತಿತು. ಅವಳ ಕೈ ತನ್ನಷ್ಟಕ್ಕೆ ಕೆಳಗೆ ಹೋಯಿತು.

ಯಂತ್ರದ ಪಕ್ಕದಿಂದ ಕತ್ತಿನ ಚಿತ್ರದ ಒಂದು ಚಿಕ್ಕ ಫೋಟೋ ಹೊರಬಂತು. ಸರ್ಜನ್‌ಗೆ ತೋರಿಸಲು ಅದು. ಡಾಕ್ಟರಮ್ಮ ನೀರಿನ ಚೀಲ ತೆಗೆದು ಪಕ್ಕಕ್ಕೆ ಇಟ್ಟರು. ಇನ್ನೇನು ಏಳು ಎನ್ನುತ್ತಾರೆ ಎಂದುಕೊಂಡೆ. ಅವರು ಅವಳ ಕೈಯನ್ನು ನೋಡಿದರು. ಬೇರೊಂದು ದಪ್ಪ ಪ್ರೋಬು ತೆಗೆದುಕೊಂಡು, "ಹಾಗೇ ಮಲಗಿರಮ್ಮ, ಅಲುಗಾಡಬೇಡಿ," ಎಂದು ಹೊಟ್ಟೆಯ ಮೇಲೆ ಜೆಲ್ಲಿ ಸವರಿದರು. ಚೀಟಿಯಲ್ಲಿ ಹೊಟ್ಟೆ ನೋಡಿ ಎಂದು ಯಾರೂ ಬರೆದಿರಲಿಲ್ಲ.

ಪರದೆ ನನ್ನ ಕಡೆಗೆ ಇತ್ತು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೆನ್ನುಮೂಳೆ ಕಂಡಿತು. ಸುಲಿದ ಅವರೆಕಾಯಿಯಲ್ಲಿ ಎಳೆಕಾಳು ಸಾಲಾಗಿ ಕೂತಿರುತ್ತವಲ್ಲ, ಹಾಗೆ. ಅದರ ಮುಂದುಗಡೆ ಏನೋ ಒಂದು ಬಿಡದೆ ಮಿಡಿಯುತ್ತಿತ್ತು. ಎಷ್ಟು ಬೇಗ ಮಿಡಿಯುತ್ತಿತ್ತೆಂದರೆ ಅದಕ್ಕೂ ಹೆದರಿಕೆಯಾಗಿದೆಯೇನೋ ಎನ್ನಿಸಿತು. ಡಾಕ್ಟರಮ್ಮ, "ನೋಡಿ, ಹೃದಯ," ಎಂದರು. ಆ ಪುಟ್ಟದು ಒಂದು ಕೈಯನ್ನು ಮುಖದ ಹತ್ತಿರ ತಂದು ಮತ್ತೆ ಇಳಿಸಿತು.

"ಎಂಗೈತ್ರೀ? ಎಂಗೈತೆ?" ಎಂದು ಪುಟ್ಟಲಕ್ಷ್ಮಿ ಕೇಳುತ್ತಿದ್ದಳು. ಭುಜದ ಕೆಳಗಿನ ದಿಂಬು ತೆಗೆದಿರಲಿಲ್ಲ. ಅವಳಿಗೆ ಚಾವಣಿ ಮಾತ್ರ ಕಾಣುತ್ತಿತ್ತು. ಚೆನ್ನಾಗಿದೆ ಎಂದೆ. ಅಷ್ಟೇ ಬಾಯಿಗೆ ಬಂತು. ಅವಳು ತಲೆ ಎತ್ತುವಷ್ಟರಲ್ಲಿ ಡಾಕ್ಟರಮ್ಮ ಪ್ರೋಬು ತೆಗೆದಿದ್ದರು, ಪರದೆ ಬರಿದಾಗಿತ್ತು. ಹೊರಗೆ ಸರದಿ ಕಾಯುವವರು ತುಂಬಿದ್ದರು. ಅದರ ಫೋಟೋ ತೆಗೆಯಬೇಕೆಂದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ನಾಲ್ಕು ತಿಂಗಳು ಕಳೆದರೆ ಮುಖವನ್ನೇ ನೋಡುವವರಿಗೆ ಫೋಟೋ ಯಾಕೆ.

ಬಸ್ಸಿನಲ್ಲಿ ಅವಳು ದಾರಿಯುದ್ದ ಕೇಳಿದಳು. ನಾನು ಅವರೆಕಾಯಿ ಎಂದಾಗ ಕಿಟಕಿಯ ಕಡೆ ತಿರುಗಿ ನಕ್ಕಳು. "ಸೊಗಡವರೆ ಕಾಲ್ದಾಗೇ ಬಂದೈತೆ ಬಿಡಿ," ಎಂದಳು.

ರಕ್ತ ತೆಗೆದುಕೊಂಡರು. ಅದರ ಒಂದು ಭಾಗ ಬೊಂಬಾಯಿಗೆ ಹೋಗಿ ಬರಬೇಕಿತ್ತು. ಸೂಜಿ ಹಾಕಿ ನೋಡಿದ್ದರಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂತು. ಊರಿನಲ್ಲಿ ಸುದ್ದಿ ಹರಡಿ, ಬಂದವರೆಲ್ಲ ಗಂಡಾಂತರ ಕಳೆಯಿತು ಎಂದರು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿ, ಸೊಸೆಗೆ ಚೊಂಬಿನಲ್ಲಿ ನೀರು ಕೊಟ್ಟು, "ಇನ್ನ ಎತ್ತಿ ಕುಡಿ, ಯಾರ್ ನೋಡಿದ್ರೆ ಏನು," ಎಂದಳು. ಜೋಸೆಫ್ ಪೂರ್ತಿ ವಿಭಾಗಕ್ಕೆ ಟೀ ಹೇಳಿದ. "ಅಕ್ಕ ಪಾಸ್ ಗುರು," ಎಂದ. ನಾನೂ ಟೀ ಕುಡಿದೆ. ಆದರೆ ಪರದೆಯ ಆ ಕಪ್ಪು ಬಣ್ಣ ನನ್ನ ಕಣ್ಣಿನಿಂದ ಹೋಗಲಿಲ್ಲ. ಹಸಿರು ಪರದೆಯ ಮೇಲೆ ಗೆರೆ ಮಲಗಿದ್ದಾಗಲೂ ಈಗ ನನಗೆ ನಂಬಿಕೆ ಬರುತ್ತಿರಲಿಲ್ಲ.

ರಕ್ತದ ವರದಿ ಬಂದಾಗ ಡಾಕ್ಟರಮ್ಮ ಹೇಳಿದ್ದೇ ನಿಜವಾಗಿತ್ತು. ರಸ ಬಹಳ ಕಡಿಮೆಯಾಗಿತ್ತು. ಚಿಕ್ಕ ಬಿಳಿ ಮಾತ್ರೆ, ಬೆಳಗ್ಗೆ ಬರೀ ಹೊಟ್ಟೆಗೆ, ಬದುಕಿರುವವರೆಗೂ ಎಂದರು. ಒಮ್ಮೆಗೇ ಹೆಚ್ಚು ಕೊಡುವ ಹಾಗಿಲ್ಲ, ಮೆಲ್ಲಗೆ ಏರಿಸಬೇಕು. ಮಾತ್ರೆ ಶುರುವಾದ ಮೇಲೆ ಅವಳ ಮುಖದ ಊತ ಇಳಿಯತೊಡಗಿತು. ಸ್ವೆಟರು ಬಿಚ್ಚಿದಳು. ದನಿ ತಿಳಿಯಾಗುತ್ತಾ ಬಂತು. ರಾಗಿ ಕೊಯ್ದು ಕಣಕ್ಕೆ ಹಾಕಿದಾಗ, ಬೇಡವೆಂದರೂ ಬಂದು ಮರದ ನೆರಳಿನಲ್ಲಿ ಕೂತು ಎಲ್ಲರನ್ನೂ ಹೆಸರು ಹಿಡಿದು ಕೂಗಿ ರೇಗಿಸಿದಳು. ಹೊಟ್ಟೆಯೊಳಗೆ ಒದೆಯುತ್ತದೆ ಎಂದು ನನ್ನ ಕೈ ಹಿಡಿದು ಇಟ್ಟುಕೊಳ್ಳುತ್ತಿದ್ದಳು. ನಾನು ಕೈ ಇಟ್ಟು ಕಾಯುತ್ತಿದ್ದೆ. ಬಂದಾಗ ಸಂತೋಷಕ್ಕಿಂತ ಮೊದಲು, ಸದ್ಯ ಇದೆಯಲ್ಲ ಎನ್ನಿಸುತ್ತಿತ್ತು.

ಧನುರ್ಮಾಸದ ಕೊನೆ. ಸಂಕ್ರಾಂತಿಗೆ ಎಳ್ಳು ಬೆಲ್ಲಕ್ಕೆಂದು ಅವಳು ಕೊಬ್ಬರಿ ಹೆಚ್ಚುತ್ತಾ ಕೂತಿದ್ದಳು. ನಾನು ಊಟದ ಡಬ್ಬಿ ತೆಗೆದುಕೊಂಡು ಹೊರಟಿದ್ದೆ. ಈಳಿಗೆಮಣೆಯಿಂದ ತಲೆ ಎತ್ತದೆ, "ಇವತ್ತು ಅಲುಗಾಡ್ಲಿಲ್ಲ ಕಣ್ರೀ," ಎಂದಳು. ಸ್ವಲ್ಪ ತಡೆದು, "ನಿನ್ನೇನೂ ಅಷ್ಟೇಯ," ಎಂದಳು. ಕೊಬ್ಬರಿ ಹೆಚ್ಚುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರವಿರಲಿಲ್ಲ. ನರ್ಸು ಕೊಳವೆಯೊಂದನ್ನು ಹೊಟ್ಟೆಗಿಟ್ಟು ಕಿವಿ ಹಚ್ಚಿದರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ಆಮೇಲೆ ಡಾಕ್ಟರನ್ನು ಕರೆಯಲು ಹೋದರು. ಅವರು ಬರುವವರೆಗೆ ಪುಟ್ಟಲಕ್ಷ್ಮಿ ನನ್ನ ಮುಖ ನೋಡುತ್ತಿದ್ದಳು. ಶಬ್ದ ಮರಳಿ ಬಾರದೆ ಇರುವುದು ಎಂದರೆ ಏನೆಂದು ಅಲ್ಲಿ ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೆಣ್ಣು. ಏಳು ತಿಂಗಳು ತುಂಬಿತ್ತು. ಮಾತ್ರೆ ಇನ್ನೂ ಮೊದಲೇ ಶುರುವಾಗಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಡಾಕ್ಟರು ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು. ಆಗೆಲ್ಲ ಅಂಥ ಮಗುವನ್ನು ತಾಯಿಗೆ ತೋರಿಸುತ್ತಿರಲಿಲ್ಲ. ನೋಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ, ಮುಂದಿನದು ನಿಲ್ಲುವುದಿಲ್ಲ ಎನ್ನುವರು. ಅವಳು ತೋರಿಸಿ ಎಂದು ಕೇಳಿದ್ದಳಂತೆ. ಅಷ್ಟು ಹೊತ್ತಿಗೆ ಅವ್ವ ಬಿಳಿ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗಿತ್ತು. ನಾನೂ ಅಪ್ಪನೂ ನಮ್ಮ ಹೊಲದ ಮೂಲೆಯಲ್ಲಿ, ಹೊಂಗೆ ಮರದ ಬುಡಕ್ಕೆ ಒಪ್ಪಿಸಿ ಬಂದೆವು. ಮಣ್ಣು ಮುಚ್ಚುವ ಮೊದಲು ಪಂಚೆ ಸರಿಸಿ ಒಮ್ಮೆ ನೋಡಿದೆ. ಒಂದು ಕೈ ಮುಖದ ಹತ್ತಿರ ಇತ್ತು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಮುಂದೆ ಮಂಜುಳ ಹುಟ್ಟಿದಳು, ಬದುಕಿದಳು. ನಮ್ಮ ಹೊಲದ ಕೊನೆಯ ಚೂರಿಗೂ ರಸ್ತೆ ಬಂತು. ಹೊಂಗೆ ಮರ ಎಲ್ಲಿತ್ತು ಎಂದು ಈಗ ಅಂದಾಜಿನಲ್ಲಿ ಹೇಳಬಲ್ಲೆ, ಅಲ್ಲಿ ಲಾರಿಗಳು ನಿಲ್ಲುತ್ತವೆ. ಪುಟ್ಟಲಕ್ಷ್ಮಿಯ ಕತ್ತು ಮೆಲ್ಲಗೆ ಸಣ್ಣದಾಗಿ, ಕಾಲ ಕಳೆದ ಹಾಗೆ ಊತ ಕಾಣದಂತಾಯಿತು. ಆದರೆ ಚೊಂಬಿನಿಂದ ಎತ್ತಿ ಕುಡಿಯುವುದನ್ನು ಅವಳು ಮತ್ತೆ ಶುರುಮಾಡಲೇ ಇಲ್ಲ. ವರ್ಷಕ್ಕೆ ಒಂದೆರಡು ಸಲ, ಅವರೆಕಾಯಿ ಸುಲಿಯುವಾಗ ಹೆಚ್ಚಾಗಿ, ಏನೋ ಮರೆತದ್ದನ್ನು ಕೇಳುವವಳಂತೆ, "ಅವತ್ತು ಎಂಗಿತ್ರೀ?" ಎನ್ನುತ್ತಿದ್ದಳು. ಯಾವತ್ತು ಎಂದು ನಾನು ಕೇಳುತ್ತಿರಲಿಲ್ಲ. ಬೆನ್ನಿನ ಸಾಲು, ಮಿಡಿಯುತ್ತಿದ್ದುದು, ಕೈ ಮುಖದ ಹತ್ತಿರ ತಂದದ್ದು, ಎಲ್ಲ ಹೇಳುತ್ತಿದ್ದೆ. ಪಂಚೆಯೊಳಗೆ ನೋಡಿದ್ದನ್ನು ಅವಳು ಕೇಳಲಿಲ್ಲ. ಅವಳು ಕೇಳುತ್ತಿದ್ದುದು ಪರದೆಯ ಮೇಲಿನದನ್ನು ಮಾತ್ರ.

ಹೋದ ವರ್ಷ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಹೃದಯದ ತೊಂದರೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಈ ಸಲ ಆಯುಧಪೂಜೆಯಾದ ಮರುವಾರ ಮಂಜುಳ ತನ್ನ ಕತ್ತಿನ ಸ್ಕ್ಯಾನಿಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಅವಳಿಗೂ ತಾಯಿಯ ಕಾಯಿಲೆಯೇ. ಈಗ ನೀರಿನ ಚೀಲವಿಲ್ಲ, ನೇರವಾಗಿ ಕತ್ತಿನ ಮೇಲೇ ಪ್ರೋಬು ಇಡುತ್ತಾರೆ. ಮಲಗಿದವರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಒಂದು ದೊಡ್ಡ ಪರದೆ ಹಾಕಿದ್ದರು. ಮಂಜುಳ ಮಲಗಿಕೊಂಡೇ ನೋಡಿ, "ಅಪ್ಪ, ಇದೇನು ಇಷ್ಟು ಕಪ್ಪಗಿದೆ?" ಎಂದಳು. ಹೆದರಿಕೊಂಡಿದ್ದಳು. ಮಾತ್ರೆಯಿದೆ ಮಗಳೇ ಎಂದೆ. ಆದರೆ ನನ್ನ ಕಣ್ಣು ಆ ದೊಡ್ಡ ಪರದೆಯ ಮೇಲೆಯೇ ಇತ್ತು. ಅಂಥದ್ದೊಂದು ಅವತ್ತು ಆ ಬಂಗಲೆಯ ಗೋಡೆಯ ಮೇಲೆ ಇದ್ದಿದ್ದರೆ.

ಮನೆಗೆ ಬಂದು ಪುಟ್ಟಲಕ್ಷ್ಮಿಯ ಟ್ರಂಕು ತೆಗೆದೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ ಆ ಹಳೆಯ ಫೋಟೋ ಇಟ್ಟಿದ್ದಳು. ಅಂಚು ಹಳದಿಯಾಗಿದೆ. ನಡುವೆ ಗಾಳಿಕೊಳವೆ, ಎರಡು ಪಕ್ಕದಲ್ಲಿ ಕಪ್ಪು ರೆಕ್ಕೆ, ಮೇಲ್ಗಡೆ ನೀರಿನ ಚೀಲದ ಖಾಲಿ ಜಾಗ. ಎಲ್ಲ ಇನ್ನೂ ಗುರುತು ಹಿಡಿಯುವ ಹಾಗೇ ಇದೆ.

ಅವಳ ಕತ್ತಿನ ಫೋಟೋ ನನ್ನ ಹತ್ತಿರ ಇದೆ. ಮಗುವಿನದು ಇಲ್ಲ.